ಮರ ತೆಗೆಸಬೇಕಾ? ಮೊದಲು ಬದಲಿ ಗಿಡದ ಜಾಗ ಗುರುತು ಮಾಡಿ

"ಸೈಟಿನಲ್ಲಿ ಒಂದು ಬೇವಿನ ಮರ ಇದೆ, ಪಾಯಕ್ಕೆ ಅಡ್ಡ ಬರುತ್ತೆ. ಜಾಗ ನಮ್ಮದೇ ಅಲ್ವಾ, ಕಡಿಸಿದರೆ ಯಾರು ಕೇಳ್ತಾರೆ?" ದಾವಣಗೆರೆಯಲ್ಲಿ ಮನೆ ಕಟ್ಟಿಸಲು ಹೊರಟವರು ಹೀಗೆ ಕೇಳುವುದು ಜಾಸ್ತಿ. ಕೇಳುತ್ತಾರೆ, ಕೇಳಲೇಬೇಕು. ಜಾಗ ನಿಮ್ಮದೇ ಆದರೂ ಮರ ಕಡಿಯಲು ಮೊದಲೇ ಅನುಮತಿ ಪಡೆಯಬೇಕು ಅಂತ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಮೇಸ್ತ್ರಿ ಏನೂ ಆಗಲ್ಲ ಅಂದ, ಪಕ್ಕದ ಸೈಟಿನವರೂ ಹಾಗೇ ಕಡಿಸಿದರು, ಭಾನುವಾರ ಬೆಳಗ್ಗೆ ಬೇಗ ಮುಗಿಸಿಬಿಟ್ಟರೆ ಯಾರಿಗೂ ಗೊತ್ತಾಗಲ್ಲ, ಇಂಥ ಮಾತು ನಂಬಿ ಕೊಡಲಿ ಹಾಕಿಸಬೇಡಿ. ಕಾಯ್ದೆಯಲ್ಲಿ ದಂಡವೂ ಇದೆ, ಜೈಲು ಶಿಕ್ಷೆಯೂ ಇದೆ.

ಅನುಮತಿ ಪಡೆಯುವ ಕೆಲಸ ಜನ ಅಂದುಕೊಂಡಷ್ಟು ಕಷ್ಟದ್ದಲ್ಲ. ಕಷ್ಟ ಇರುವುದು ಆಮೇಲೆ. ಬದಲಿಗೆ ಸಸಿ ನೆಡುತ್ತೇವೆ ಅಂತ ಬರೆದುಕೊಟ್ಟು ಬಂದವರಲ್ಲಿ ಅದನ್ನು ಬದುಕಿಸಿ ಮರ ಮಾಡಿದವರು ಎಷ್ಟು ಜನ? ಹೊಸ ಬಡಾವಣೆಗಳಲ್ಲಿ ಏಪ್ರಿಲ್ ಮಧ್ಯಾಹ್ನ ಒಂದು ಸುತ್ತು ಹಾಕಿದರೆ ನಿಮಗೇ ಗೊತ್ತಾಗುತ್ತದೆ. ಬೈಕ್ ನಿಲ್ಲಿಸಲು ನೆರಳು ಸಿಗಲ್ಲ. ಹಾಗಾಗಿ ನಾನು ಹೇಳುವ ಕ್ರಮ ಸ್ವಲ್ಪ ಉಲ್ಟಾ. ಅರ್ಜಿ ಬರೆಯುವ ಮೊದಲೇ ಬದಲಿ ಗಿಡ ಎಲ್ಲಿ ಬರುತ್ತದೆ, ಯಾವ ಜಾತಿ, ನೀರು ಯಾರು ಹಾಕುತ್ತಾರೆ ಅಂತ ಗಟ್ಟಿ ಮಾಡಿಕೊಳ್ಳಿ. ಅರ್ಜಿಗೂ ತೂಕ ಬರುತ್ತದೆ, ಊರಿಗೂ ಒಂದು ಮರ ಉಳಿಯುತ್ತದೆ.

ಮರ ಯಾರ ಜಾಗದಲ್ಲಿದೆ?

ಇದನ್ನು ಮೊದಲು ಖಚಿತ ಮಾಡಿಕೊಳ್ಳಿ. ಕಾಂಪೌಂಡ್ ಒಳಗಿದ್ದರೆ ಅರ್ಜಿ ನಿಮ್ಮದು. ಫುಟ್‌ಪಾತ್ ಮೇಲಿದ್ದರೆ, ಚರಂಡಿ ಅಂಚಿನಲ್ಲಿದ್ದರೆ, ಪಾರ್ಕಿನಲ್ಲಿದ್ದರೆ ಅದು ಸಾರ್ವಜನಿಕ ಮರ. ಇಪ್ಪತ್ತು ವರ್ಷದ ಹಿಂದೆ ನಿಮ್ಮಪ್ಪನೇ ನೆಟ್ಟು ನೀರು ಹಾಕಿದ್ದರೂ ಅದು ನಿಮ್ಮದಲ್ಲ. ಅಂಥ ಮರದ ವಿಷಯವನ್ನು ದಾವಣಗೆರೆಯಲ್ಲಿ ಮಹಾನಗರ ಪಾಲಿಕೆಗೆ, ಚಿತ್ರದುರ್ಗದಲ್ಲಿ ನಗರಸಭೆಗೆ ಬರವಣಿಗೆಯಲ್ಲಿ ತಿಳಿಸಿ. ಅವರೂ ಸುಮ್ನೆ ಬಂದು ಕಡಿಯುವ ಹಾಗಿಲ್ಲ, ಅವರಿಗೂ ಇದೇ ಕಾಯ್ದೆ. ಸಾರ್ವಜನಿಕ ಮರದ ಕಟ್ಟಿಗೆ ಸರ್ಕಾರದ್ದು. ಅದಕ್ಕೆ ಬೆಲೆ ಕಟ್ಟುತ್ತಾರೆ, ಹರಾಜು ಹಾಕುತ್ತಾರೆ. ಹೊಸ ಬಡಾವಣೆ ಇನ್ನೂ ಪಾಲಿಕೆಗೆ ಹಸ್ತಾಂತರ ಆಗದೆ ದೂಡಾ, ಅಂದರೆ ನಗರಾಭಿವೃದ್ಧಿ ಪ್ರಾಧಿಕಾರದ ಕೈಯಲ್ಲೇ ಇದ್ದರೆ ದೂಡಾ ಕಚೇರಿಗೇ ಪತ್ರ ಕೊಡಿ. ಹೆದ್ದಾರಿ ಬದಿಯ ಮರವಾದರೆ ರಸ್ತೆ ಯಾವ ಇಲಾಖೆಯದು ಅಂತ ನೋಡಬೇಕು.

ಪಕ್ಕದ ಮನೆಯ ಮರದ ಕೊಂಬೆ ನಿಮ್ಮ ತಾರಸಿ ಮೇಲೆ ಬಂದಿದೆಯಾ? ಮೊದಲು ಮಾತಾಡಿ. ನಿಟ್ಟುವಳ್ಳಿಯಾಗಲಿ ಕೆ.ಟಿ.ಜೆ. ನಗರವಾಗಲಿ, ಗೋಡೆಗೆ ಗೋಡೆ ತಾಗಿರುವ ಕಡೆ ಮರದ ಜಗಳ ಮುಂದೆ ಎಲ್ಲದರ ಜಗಳ ಆಗುತ್ತದೆ. ಮರದ ಮಾಲೀಕರ ಹೆಸರಲ್ಲೇ ಅರ್ಜಿ ಹೋಗಲಿ, ನೀವು ಜೊತೆಗೆ ಒಂದು ಸಹಿ ಹಾಕಿ.

ಕಡಿಯಲೇಬೇಕಾ?

ಇದನ್ನು ಅಧಿಕಾರಿ ಕೇಳುವ ಮೊದಲು ನೀವೇ ಕೇಳಿಕೊಳ್ಳಿ. ಎಲೆ ಉದುರುತ್ತದೆ, ಹಕ್ಕಿ ಹಿಕ್ಕೆ ಹಾಕುತ್ತದೆ, ಅಂಗಡಿ ಬೋರ್ಡು ಕಾಣಲ್ಲ, ವಾಸ್ತು ಸರಿಯಿಲ್ಲ, ಇವು ಕಾರಣಗಳಲ್ಲ. ಕಾಯ್ದೆಯಲ್ಲಿ ಇವಕ್ಕೆ ಜಾಗವೇ ಇಲ್ಲ.

ಅನುಮತಿ ನಿರಾಕರಿಸಬಾರದು ಅಂತ ಕಾಯ್ದೆಯೇ ಹೇಳುವ ಸಂದರ್ಭಗಳಿವೆ. ಮರ ಸತ್ತಿದೆ, ರೋಗ ಬಂದಿದೆ, ಗಾಳಿಗೆ ಬಿದ್ದಿದೆ. ಜೀವಕ್ಕೆ ಅಥವಾ ಆಸ್ತಿಗೆ ಅಪಾಯ ಇದೆ. ಸಂಚಾರಕ್ಕೆ ಅಡ್ಡಿ ಆಗಿದೆ. ಬೆಂಕಿ, ಸಿಡಿಲು, ಮಳೆಯಿಂದ ಹೆಚ್ಚಿನ ಭಾಗ ಹಾಳಾಗಿದೆ. ನಿಮ್ಮ ಕಾರಣ ಇವುಗಳಲ್ಲಿ ಒಂದಾಗಿದ್ದರೆ ಅದನ್ನೇ ನೇರವಾಗಿ ಬರೆಯಿರಿ. ಮನೆ ಕಟ್ಟುವುದಕ್ಕೆ ಅಂತಾದರೆ ಅಧಿಕಾರಿ ಸ್ಥಳ ನೋಡಿ ನಿರ್ಧರಿಸುತ್ತಾರೆ. ಪೂರ್ತಿ ಒಪ್ಪಬಹುದು, ಮೂರು ಮರ ಕೇಳಿದ್ದಲ್ಲಿ ಒಂದಕ್ಕೆ ಮಾತ್ರ ಒಪ್ಪಬಹುದು, ಬೇಡ ಅನ್ನಲೂಬಹುದು.

ಅಪಾಯ ಇದೆಯೋ ಇಲ್ಲವೋ ಅಂತ ನೀವೇ ಸ್ವಲ್ಪ ಮಟ್ಟಿಗೆ ನೋಡಬಹುದು. ಮರದ ಸುತ್ತ ನಿಧಾನಕ್ಕೆ ಒಂದು ಸುತ್ತು ಬನ್ನಿ. ಬುಡದಲ್ಲಿ ಅಣಬೆ ಎದ್ದಿದೆಯಾ? ಎದ್ದಿದ್ದರೆ ಒಳಗೆ ಕೊಳೆತ ಶುರುವಾಗಿದೆ ಅಂತ ಲೆಕ್ಕ. ಮರದ ಸುತ್ತಿಗೆಯಿಂದ ಕಾಂಡವನ್ನು ಮೆಲ್ಲಗೆ ಬಡಿಯಿರಿ. ಗಟ್ಟಿ ಕಾಂಡ ಮೊಂಡು ಸದ್ದು ಕೊಡುತ್ತದೆ, ಟೊಳ್ಳಾದದ್ದು ಡೊಳ್ಳಿನ ಹಾಗೆ ಮೊಳಗುತ್ತದೆ. ಎರಡು ದೊಡ್ಡ ಕೊಂಬೆ ಕವಲೊಡೆಯುವ ಕಡೆ ಸೀಳು ಬಿಟ್ಟಿದೆಯಾ ನೋಡಿ. ಗುಲ್‌ಮೊಹರ್ ಮರಗಳು ಮುಂಗಾರು ಪೂರ್ವ ಮಳೆಯ ಗಾಳಿಗೆ ಸೀಳಿ ಬೀಳುವುದು ಹೆಚ್ಚಾಗಿ ಅಲ್ಲಿಂದಲೇ. ಮರ ಒಂದು ಕಡೆ ವಾಲಿದ್ದರೆ ಎದುರು ಕಡೆಯ ಬುಡದ ಮಣ್ಣು ಗಮನಿಸಿ. ಅಲ್ಲಿ ಹೊಸದಾಗಿ ಬಿರುಕು ಬಿಟ್ಟು ಮಣ್ಣು ಮೇಲೆದ್ದಿದ್ದರೆ ತಡ ಮಾಡಬೇಡಿ, ಅದೇ ದಿನ ಕಚೇರಿಗೆ ತಿಳಿಸಿ. ಆದರೆ ಹುಟ್ಟಿದಾಗಿನಿಂದ ವಾಲಿಕೊಂಡೇ ಬೆಳೆದು, ತುದಿ ಮತ್ತೆ ನೇರಕ್ಕೆ ತಿರುಗಿರುವ ಮರ ಸಾಮಾನ್ಯವಾಗಿ ಗಟ್ಟಿ. ತೊಗಟೆ ಮೇಲೆ ಗೆದ್ದಲಿನ ಮಣ್ಣು ಕಂಡ ಕೂಡಲೇ ಮರ ಹೋಯಿತು ಅಂದುಕೊಳ್ಳಬೇಡಿ. ಗೆದ್ದಲು ಒಣ ತೊಗಟೆಯನ್ನಷ್ಟೇ ತಿನ್ನುತ್ತಿರಬಹುದು. ಕೆರೆದು ನೋಡಿ, ಕೆಳಗೆ ಹಸಿ ಇದ್ದರೆ ಮರ ಚೆನ್ನಾಗಿಯೇ ಇದೆ.

ಬೇರು ಕಾಂಪೌಂಡ್ ಗೋಡೆ ಬಿರುಕು ಬಿಡಿಸಿದೆ ಅನ್ನುವವರಿಗೆ ಒಂದು ಮಾತು. ಗೋಡೆಯ ಆ ನಾಲ್ಕು ಅಡಿ ತೆಗೆದು, ಬೇರಿನ ಮೇಲೆ ಒಂದು ಸಣ್ಣ ಬೀಮ್ ಹಾಯಿಸಿ, ಮತ್ತೆ ಕಟ್ಟಿಸಬಹುದು. ದೊಡ್ಡ ಮರ ಕಡಿಸಿ, ಬೊಡ್ಡೆ ಕೀಳಿಸಿ, ಸಾಗಿಸುವ ಖರ್ಚಿನ ಮುಂದೆ ಇದು ಜಾಸ್ತಿ ಅಲ್ಲ. ಮನೆಯ ಪ್ಲಾನ್ ಇನ್ನೂ ಕಾಗದದ ಮೇಲೆ ಇದ್ದಾಗಲೇ ಎಂಜಿನಿಯರ್‌ಗೆ ಮರ ತೋರಿಸಿ. ಕಾರ್ ಪಾರ್ಕಿಂಗನ್ನು ಎಡಕ್ಕೆ ಬದಲು ಬಲಕ್ಕೆ ಹಾಕಿದರೆ ಮರ ಉಳಿಯುವ ಸೈಟುಗಳು ಎಷ್ಟೋ ಇವೆ. ಪಾಯ ತೆಗೆಯಲು ಜೆಸಿಬಿ ಬಂದು ನಿಂತ ಮೇಲೆ ಮರದ ಬಗ್ಗೆ ಯೋಚನೆ ಮಾಡಲು ಯಾರಿಗೂ ಪುರಸೊತ್ತು ಇರಲ್ಲ.

ಕೊಂಬೆ ಕತ್ತರಿಸಲೂ ಅನುಮತಿ ಬೇಕಾ?

ಬೇಕು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಕಾಯ್ದೆಯ ಪ್ರಕಾರ ಮರ ಕಡಿಯುವುದು ಅಂದರೆ ಬುಡಕ್ಕೆ ಕೊಡಲಿ ಹಾಕುವುದು ಮಾತ್ರ ಅಲ್ಲ. ಕೊಂಬೆ ಸವರುವುದು, ತಲೆ ಬೋಳಿಸುವುದು, ಸುತ್ತ ತೊಗಟೆ ಸುಲಿಯುವುದು, ಬೆಂಕಿ ಹಾಕುವುದು, ಔಷಧಿ ಸುರಿದು ಸಾಯಿಸುವುದು, ಜೆಸಿಬಿಯಿಂದ ತಳ್ಳುವುದು ಎಲ್ಲ ಸೇರುತ್ತದೆ. ಬುಡಕ್ಕೆ ಆಸಿಡ್ ಹಾಕಿ ಆರು ತಿಂಗಳಲ್ಲಿ ಒಣಗಿಸಿ, ಒಣ ಮರ ಅಂತ ಅರ್ಜಿ ಕೊಡುವ ಚಾಳಿ ಇದೆಯಲ್ಲ, ಅದೂ ಅಪರಾಧವೇ. ಇದನ್ನು ಮಾಡುವವರನ್ನು ನೋಡಿದರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಮರಕ್ಕೆ ಓಡಿ ಹೋಗಲು ಕಾಲಿಲ್ಲ ಅನ್ನುವ ಒಂದೇ ಧೈರ್ಯ ಅವರದು.

ವಿದ್ಯುತ್ ತಂತಿಗೆ ಕೊಂಬೆ ತಾಗುತ್ತಿದ್ದರೆ ನೀವು ಏಣಿ ಹಾಕಬೇಡಿ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆ ಬೆಸ್ಕಾಂ ವ್ಯಾಪ್ತಿಗೆ ಬರುತ್ತವೆ. 1912ಕ್ಕೆ ಕರೆ ಮಾಡಿ ದೂರು ಸಂಖ್ಯೆ ತೆಗೆದುಕೊಳ್ಳಿ. ಲೈನ್‌ಮನ್ ಬಂದಾಗ ಹೊರಗೆ ನಿಂತು ನೋಡಿಕೊಳ್ಳಿ. ತಂತಿಗೆ ತಾಗುವಷ್ಟು ತೆಗೆದರೆ ಸಾಕು, ಒಂದೇ ಪಕ್ಕ ಪೂರ್ತಿ ಬೋಳಿಸಿದರೆ ಭಾರ ಇನ್ನೊಂದು ಪಕ್ಕಕ್ಕೆ ಬಿದ್ದು ಮುಂದಿನ ಗಾಳಿಗೆ ಮರವೇ ಉರುಳುತ್ತದೆ.

ಅನುಮತಿ ಬೇಡದ ಮರಗಳೂ ಇವೆ. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್, ಗ್ಲಿರಿಸಿಡಿಯಾ, ಹಾಲವಾಣ, ರಬ್ಬರ್, ಬಳ್ಳಾರಿ ಜಾಲಿ ಈ ವಿನಾಯಿತಿ ಪಟ್ಟಿಯಲ್ಲಿವೆ. ಆಮೇಲೆ ಇನ್ನೂ ಕೆಲವು ಜಾತಿ ಸೇರಿವೆ, ಕಚೇರಿಯಲ್ಲಿ ಒಮ್ಮೆ ಪಟ್ಟಿ ನೋಡಿಬಿಡಿ. ವಿನಾಯಿತಿ ಇರುವುದು ನಿಮ್ಮ ಸ್ವಂತ ಜಾಗದ ಮರಕ್ಕೆ, ಬೀದಿಯ ಮರಕ್ಕಲ್ಲ. ಇನ್ನು ಶ್ರೀಗಂಧ, ಬೀಟೆ, ತೇಗ ಇದ್ದರೆ ವಿಷಯವೇ ಬೇರೆ. 2001ರ ತಿದ್ದುಪಡಿ ಆದಮೇಲೆ ನಿಮ್ಮ ಜಮೀನಿನ ಶ್ರೀಗಂಧ ನಿಮ್ಮದೇ, ನಿಜ. ಆದರೆ ಕಡಿಯಲು, ಸಾಗಿಸಲು, ಮಾರಲು ಪ್ರತಿ ಹೆಜ್ಜೆಯಲ್ಲೂ ಅರಣ್ಯ ಇಲಾಖೆ ಇರುತ್ತದೆ. ಅದಕ್ಕೆ ಕೈ ಹಾಕುವ ಮುಂಚೆ ವಲಯ ಅರಣ್ಯಾಧಿಕಾರಿಯನ್ನು ಭೇಟಿ ಮಾಡಿ.

ಅರ್ಜಿ ಎಲ್ಲಿ, ಹೇಗೆ

ಬೆಂಗಳೂರಿನಲ್ಲಿ ನಗರಾಡಳಿತಕ್ಕೇ ಪ್ರತ್ಯೇಕ ಅರಣ್ಯ ವಿಭಾಗ ಇರುವುದರಿಂದ ಅಲ್ಲಿನವರು ಹೇಳುವ ದಾರಿ ನಮಗೆ ಹೊಂದಲ್ಲ. ನಮ್ಮಲ್ಲಿ ವೃಕ್ಷ ಅಧಿಕಾರಿಯ, ಅಂದರೆ ಈ ಕಾಯ್ದೆಯಡಿ ಅನುಮತಿ ಕೊಡುವವರ ಕೆಲಸ ಅರಣ್ಯ ಇಲಾಖೆಯವರದು. ವಲಯ ಅರಣ್ಯಾಧಿಕಾರಿ ಕಚೇರಿ, ಅಂದರೆ ಎಲ್ಲರೂ ಹೇಳುವ ಆರ್‌ಎಫ್‌ಒ ಆಫೀಸ್, ಅಲ್ಲಿಂದ ಶುರು ಮಾಡಿ. ಕಡತ ಮೇಲೆ ಹೋಗಬೇಕಿದ್ದರೆ ಅವರೇ ಕಳಿಸುತ್ತಾರೆ. ಪಾಲಿಕೆಯಿಂದ ಕಟ್ಟಡ ಪರವಾನಗಿ ಸಿಕ್ಕಿದೆ ಅಂದ ಮಾತ್ರಕ್ಕೆ ಮರಕ್ಕೂ ಸಿಕ್ಕಿದ ಹಾಗಲ್ಲ. ಇದರಲ್ಲಿ ಎಡವುವವರು ತುಂಬಾ ಜನ.

ಜೊತೆಗೆ ಬೇಕಾದದ್ದು: ಖಾತಾ ನಕಲು, ಈ ವರ್ಷದ ಕಂದಾಯ ಕಟ್ಟಿದ ರಸೀದಿ, ಆಧಾರ್ ನಕಲು. ಜಮೀನಾದರೆ ಪಹಣಿ. ಮನೆ ಕಟ್ಟಲು ಅಂತಾದರೆ ಪಾಲಿಕೆ ಒಪ್ಪಿದ ನಕ್ಷೆ. ಅಣ್ಣತಮ್ಮಂದಿರ ಜಂಟಿ ಖಾತೆ ಆಗಿದ್ದರೆ ಎಲ್ಲರ ಒಪ್ಪಿಗೆ ಪತ್ರ ಮೊದಲೇ ಮಾಡಿಸಿಡಿ, ಇಲ್ಲದಿದ್ದರೆ ಅರ್ಧಕ್ಕೆ ನಿಲ್ಲುತ್ತದೆ. ಮರದ ಫೋಟೋ ನಾಲ್ಕು ಕಡೆಯಿಂದ ತೆಗೆಯಿರಿ. ಒಂದು ಫೋಟೋದಲ್ಲಿ ಮನೆ ಅಥವಾ ರಸ್ತೆ ಕಾಣುವ ಹಾಗಿರಲಿ, ಯಾವ ಮರ ಅಂತ ಗೊಂದಲ ಆಗಬಾರದು.

ಕಾಯ್ದೆ ಕೇಳುವುದು ಮುಖ್ಯವಾಗಿ ಎರಡು. ಜಾಗದ ಗಡಿ ಮತ್ತು ಕಡಿಯಬೇಕಾದ ಮರ ತೋರಿಸುವ ನಕ್ಷೆ, ಹಾಗೂ ಕಾರಣ. ನಕ್ಷೆಯನ್ನು ಎಂಜಿನಿಯರ್ ಹತ್ತಿರವೇ ಮಾಡಿಸಬೇಕು ಅಂತ ಕಾಯಬೇಡಿ. ಬಿಳಿ ಹಾಳೆಯ ಮೇಲೆ ಸ್ಕೇಲ್ ಇಟ್ಟು ಸೈಟಿನ ನಾಲ್ಕು ಗೆರೆ ಹಾಕಿ, ಉತ್ತರ ಯಾವ ಕಡೆ ಅಂತ ಬಾಣ ಹಾಕಿ, ಮರ ಇರುವಲ್ಲಿ ದುಂಡಗೆ ಗುರುತು ಮಾಡಿ 1, 2, 3 ಅಂತ ಬರೆಯಿರಿ. ಅದೇ ಹಾಳೆಯಲ್ಲಿ ಬದಲಿ ಗಿಡ ಬರುವ ಜಾಗಕ್ಕೆ ಬೇರೆ ಬಣ್ಣದ ಗುರುತು. ಸರ್ವೆ ಸ್ಕೆಚ್ ಬೇಕು ಅಂದರೆ ಆಮೇಲೆ ಕೊಡಿ.

ಅರ್ಜಿ ಹೀಗಿದ್ದರೆ ಸಾಕು:

"ಮಾನ್ಯರೇ, ದಾವಣಗೆರೆ ಇಂಥ ಬಡಾವಣೆಯ ಇಂಥ ನಂಬರಿನ ನಿವೇಶನ ನನ್ನ ಹೆಸರಿನಲ್ಲಿ ಇದೆ. ಇದರ ಈಶಾನ್ಯ ಮೂಲೆಯಲ್ಲಿ ಒಂದು ಗುಲ್‌ಮೊಹರ್ ಮರ ಇದೆ, ಎದೆ ಮಟ್ಟದಲ್ಲಿ ಸುತ್ತಳತೆ ಇಷ್ಟು ಅಡಿ. ಬುಡದಲ್ಲಿ ಟೊಳ್ಳು ಬಿದ್ದಿದ್ದು, ರಸ್ತೆ ಕಡೆಗೆ ವಾಲಿದೆ. ಕೆಳಗೆ ಶಾಲೆ ಮಕ್ಕಳು ಓಡಾಡುತ್ತಾರೆ. ಸ್ಥಳ ಪರಿಶೀಲನೆ ಮಾಡಿ ತೆರವಿಗೆ ಅನುಮತಿ ಕೊಡಬೇಕು. ಇದೇ ನಿವೇಶನದ ಮುಂಭಾಗದಲ್ಲಿ ಒಂದು ಹೊಂಗೆ ಮತ್ತು ಹಿಂಭಾಗದಲ್ಲಿ ಒಂದು ನೇರಳೆ ಸಸಿ ನೆಟ್ಟು ಬೆಳೆಸುತ್ತೇನೆ. ಜಾಗವನ್ನು ನಕ್ಷೆಯಲ್ಲಿ ಗುರುತಿಸಿದ್ದೇನೆ."

ಇಷ್ಟೇ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ತಾರೀಖು, ಸ್ವೀಕೃತಿ ಸಂಖ್ಯೆ ಹಾಕಿಸಿಕೊಂಡೇ ಬನ್ನಿ. ಸ್ವೀಕೃತಿ ಇಲ್ಲದ ಅರ್ಜಿ ಕೊಟ್ಟರೂ ಒಂದೇ, ಕೊಡದಿದ್ದರೂ ಒಂದೇ.

ಪರಿಶೀಲನೆಗೆ ಬಂದಾಗ

ಫಾರೆಸ್ಟರ್ ಅಥವಾ ಗಾರ್ಡ್ ಬರುತ್ತಾರೆ. ನೀವು ಮನೆಯಲ್ಲಿರಿ, ವಾಚ್‌ಮನ್‌ಗೆ ಹೇಳಿ ಹೋಗಬೇಡಿ. ಟೇಪ್ ಹಿಡಿದು ಎದೆ ಮಟ್ಟದಲ್ಲಿ, ಅಂದರೆ ನೆಲದಿಂದ ಸುಮಾರು ನಾಲ್ಕೂವರೆ ಅಡಿ ಎತ್ತರದಲ್ಲಿ ಸುತ್ತಳತೆ ತೆಗೆದುಕೊಳ್ಳುತ್ತಾರೆ. ಜಾತಿ, ಎತ್ತರ, ಸ್ಥಿತಿ ಬರೆದುಕೊಳ್ಳುತ್ತಾರೆ. ಕಾಗದದಲ್ಲಿ ಒಂದು ಮರ ಬರೆದು, ಅವರು ಬಂದಾಗ ಇನ್ನೆರಡನ್ನೂ ಸೇರಿಸಿಬಿಡಿ ಸಾರ್ ಅನ್ನಬೇಡಿ. ಬದಲಿ ಗಿಡದ ಗುಂಡಿ ಆಗಲೇ ತೆಗೆದಿಟ್ಟಿದ್ದರೆ ಅದನ್ನೂ ತೋರಿಸಿ. ಬರೀ ಮಾತಿಗಿಂತ ಎರಡು ಅಡಿ ಗುಂಡಿ ಹೆಚ್ಚು ಹೇಳುತ್ತದೆ.

ಮರವನ್ನು ಕೊಲ್ಲದೆ ಬೇರೆ ಕಡೆ ಸಾಗಿಸಲು ಆಗುತ್ತದಾ ಅಂತಲೂ ಆ ಹೊತ್ತಿಗೇ ಕೇಳಿ. ಅರಳಿ, ಆಲ, ಅತ್ತಿ ಜಾತಿಯ ಮರಗಳು ಚೆನ್ನಾಗಿ ಹಿಡಿಯುತ್ತವೆ. ಕೊಂಬೆ ಸವರಿ, ಬುಡದ ಸುತ್ತ ಅಗಳು ತೋಡಿ, ಬೇರಿನ ಮಣ್ಣು ಉದುರದ ಹಾಗೆ ಗೋಣಿತಾಟು ಕಟ್ಟಿ, ಕ್ರೇನಿನಲ್ಲಿ ಎತ್ತಬೇಕು. ಖರ್ಚು ಇದೆ. ದೊಡ್ಡ ಹುಣಸೆ, ಹಳೆಯ ಗುಲ್‌ಮೊಹರ್‌ಗೆ ಇದನ್ನು ಮಾಡಿಸಿ ದುಡ್ಡು ಕಳೆಯಬೇಡಿ. ನಡುವಯಸ್ಸಿನ ಅರಳಿ ಮರ ಆದರೆ ದೇವಸ್ಥಾನದವರೋ ಶಾಲೆಯವರೋ ಜಾಗ ಕೊಡಲು ಒಪ್ಪುತ್ತಾರೆ, ಕೇಳಿ ನೋಡಿ.

ಅನುಮತಿ ಸಿಗದಿದ್ದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು. ಅದರ ಮೇಲೆ ಇದೇ ಕಾಯ್ದೆಯಡಿ ಇರುವ ವೃಕ್ಷ ಪ್ರಾಧಿಕಾರಕ್ಕೆ ಮೇಲ್ಮನವಿ ಹಾಕಬಹುದು. ಆದೇಶದ ಹಿಂಬದಿಯವರೆಗೂ ಪೂರ್ತಿ ಓದಿ. ಎಷ್ಟು ಮರ, ಯಾವ ಮರ, ಎಂದಿನೊಳಗೆ ಕಡಿಯಬೇಕು, ಎಷ್ಟು ಸಸಿ ನೆಡಬೇಕು ಎಲ್ಲ ಅದರಲ್ಲಿ ಇರುತ್ತದೆ. ಒಂದಕ್ಕೆ ಹತ್ತು ಸಸಿ ಅಂತ ಜನ ಹೇಳುತ್ತಿರುತ್ತಾರೆ, ನಿಮಗೆ ಲೆಕ್ಕ ನಿಮ್ಮ ಆದೇಶದಲ್ಲಿರುವುದು.

ಮರ ಕಡಿದ ದಿನದಿಂದ 30 ದಿನದೊಳಗೆ ಬದಲಿ ಗಿಡ ನೆಡಬೇಕು ಎನ್ನುವ ಷರತ್ತು ಹಾಕಲು ಕಾಯ್ದೆಯಲ್ಲಿ ಅವಕಾಶ ಇದೆ. ಅವಧಿ ವಿಸ್ತರಿಸಲೂ ಅಧಿಕಾರಿಗೆ ಅವಕಾಶ ಇದೆ. ಇದನ್ನು ಬಳಸಿಕೊಳ್ಳಿ. ಫೆಬ್ರವರಿಯಲ್ಲಿ ಮರ ಕಡಿದು ಮಾರ್ಚ್‌ನಲ್ಲಿ ಸಸಿ ನೆಟ್ಟರೆ ನಮ್ಮ ಬಿಸಿಲಿಗೆ ಅದು ಮೇ ನೋಡುವುದು ಕಷ್ಟ. ಮುಂಗಾರಿನವರೆಗೆ ಸಮಯ ಕೊಡಿ ಅಂತ ಒಂದು ಸಾಲಿನ ಪತ್ರ ಕೊಟ್ಟು, ಅದಕ್ಕೂ ಸ್ವೀಕೃತಿ ತೆಗೆದುಕೊಳ್ಳಿ.

ಕಡಿಯುವ ದಿನ

ಹಿಂದಿನ ಸಂಜೆ ಮರವನ್ನು ಒಮ್ಮೆ ಚೆನ್ನಾಗಿ ನೋಡಿ. ಗೂಡಿನಲ್ಲಿ ಮೊಟ್ಟೆ, ಮರಿ ಇದ್ದರೆ ಕೆಲವು ವಾರ ಮುಂದೂಡಿ. ಹೆಜ್ಜೇನು ಇದ್ದರೆ ಹೊಗೆ ಹಾಕಿಸಲು ಹೋಗಬೇಡಿ, ತಿಳಿದವರನ್ನು ಕರೆಸಿ. ತಂತಿ ಹತ್ತಿರ ಇದ್ದರೆ ಬೆಸ್ಕಾಂ ಸೆಕ್ಷನ್ ಆಫೀಸಿಗೆ ಮೊದಲೇ ಹೇಳಿ ಲೈನ್ ಆಫ್ ಮಾಡಿಸಿ. ಆದೇಶದ ನಕಲು ಕೈಯಲ್ಲಿರಲಿ, ದಾರಿಯಲ್ಲಿ ಹೋಗುವವರು ಕೇಳಿದರೆ ತೋರಿಸಿ. ಕೇಳುವುದು ಅವರ ಹಕ್ಕು.

ಮೇಲಿನಿಂದ ತುಂಡು ತುಂಡಾಗಿ ಹಗ್ಗ ಕಟ್ಟಿ ಇಳಿಸಲಿ, ಬುಡಕ್ಕೆ ಕೊಯ್ದು ಒಮ್ಮೆಗೇ ಬೀಳಿಸುವುದು ಊರೊಳಗೆ ಬೇಡ. ಕೂಲಿಯವರಿಗೆ ಹೆಲ್ಮೆಟ್, ಸೊಂಟಕ್ಕೆ ಬೆಲ್ಟ್ ಇಲ್ಲದೆ ಮರ ಹತ್ತಿಸಬೇಡಿ. ಬಿದ್ದು ಸೊಂಟ ಮುರಿದುಕೊಂಡರೆ ಅವರ ಮನೆ ನೋಡುವವರು ಯಾರು? ಕಟ್ಟಿಗೆ ಸಾಗಿಸಲು ಕೆಲವು ಜಾತಿಗೆ ರಹದಾರಿ, ಅಂದರೆ ಸಾಗಣೆ ಪರವಾನಗಿ ಬೇಕು. ಸಾಮಿಲ್‌ಗೆ ಲೋಡ್ ಕಳಿಸುವ ಮೊದಲು ಇದನ್ನೂ ಆರ್‌ಎಫ್‌ಒ ಆಫೀಸಿನಲ್ಲೇ ಕೇಳಿ. ಸೊಪ್ಪು, ಸಣ್ಣ ಕಡ್ಡಿಯನ್ನು ಖಾಲಿ ಸೈಟಿಗೆ ಎಸೆದು ಬೆಂಕಿ ಹಾಕಬೇಡಿ. ಬದಲಿ ಗಿಡದ ಬುಡಕ್ಕೆ ಮುಚ್ಚಿಗೆ ಮಾಡಲು ಒಂದಿಷ್ಟು ಎತ್ತಿಡಿ.

ಬದಲಿ ಗಿಡ

ಕಾಗದದ ಕೆಲಸ ಮುಗಿಯಿತು ಅಂತ ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ಕಡಿದ ಮರ ಮೂವತ್ತು ವರ್ಷ ನೆರಳು ಕೊಟ್ಟಿರುತ್ತದೆ. ಅದರ ಜಾಗಕ್ಕೆ ಬರುವ ಸಸಿಗೆ ಮೊದಲ ಎರಡು ಬೇಸಿಗೆ ದಾಟಿಸುವ ಹೊಣೆ ನಿಮ್ಮದು.

ಮೊದಲು ಜಾತಿ. ತಂತಿ ಕೆಳಗೆ, ಕಿರಿದಾದ ರಸ್ತೆಯಲ್ಲಿ ಕಕ್ಕೆ, ಹೊಳೆ ದಾಸವಾಳ, ರಂಜ ಚೆನ್ನ. ಜಾಗ ಸ್ವಲ್ಪ ಅಗಲ ಇದ್ದರೆ ಹೊಂಗೆ, ಬೇವು, ನೇರಳೆ. ಪಾರ್ಕು, ಶಾಲೆ, ಸ್ಮಶಾನದ ಅಂಚು, ಕೆರೆ ಏರಿಯ ಕೆಳಗೆ ಆಲ, ಅರಳಿ, ಅತ್ತಿ, ಹುಣಸೆ, ಮತ್ತಿ. ಮನೆ ಪಾಯದಿಂದ ಹತ್ತು ಅಡಿಯೊಳಗೆ ಆಲ, ಅರಳಿ ಬೇಡವೇ ಬೇಡ. ಬೇಗ ಹಸಿರಾಗುತ್ತದೆ ಅಂತ ನರ್ಸರಿಯವರು ಕಾನೊಕಾರ್ಪಸ್ ತೋರಿಸಿದರೆ ಬೇಡ ಅನ್ನಿ. ಅದರ ಬೇರು ಪೈಪ್, ಚರಂಡಿಗೆ ನುಗ್ಗುತ್ತದೆ, ಪರಾಗದಿಂದ ಅಲರ್ಜಿ ಆಗುತ್ತದೆ ಅನ್ನುವ ದೂರೂ ಇದೆ. ಗುಜರಾತಿನಲ್ಲಿ 2023ರಲ್ಲಿ ಅದನ್ನು ನೆಡುವುದನ್ನೇ ನಿಲ್ಲಿಸಿದರು.

ಮಣ್ಣು ನೋಡಿ ನೆಡಿ. ದಾವಣಗೆರೆಯ ಎಷ್ಟೋ ಬಡಾವಣೆ ಎದ್ದಿರುವುದು ಎರೆ ಹೊಲದ ಮೇಲೆ. ಈ ಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟು ಎಳೆ ಬೇರನ್ನು ಹರಿಯುತ್ತದೆ, ಮಳೆಗಾಲದಲ್ಲಿ ನೀರು ಇಂಗದೆ ನಿಲ್ಲುತ್ತದೆ. ಇಲ್ಲಿ ಗುಂಡಿಯ ತಳಕ್ಕೆ ಒಂದು ಗೇಣು ಜಲ್ಲಿ ಅಥವಾ ಇಟ್ಟಿಗೆ ಚೂರು ಹಾಕಿ, ಮೇಲೆ ಕೆಂಪು ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಹೊಂಗೆ, ಬೇವು ಎರೆಗೆ ಹೊಂದಿಕೊಳ್ಳುತ್ತವೆ. ಚಿತ್ರದುರ್ಗದಲ್ಲಿ ತೊಂದರೆ ಬೇರೆ. ಒಂದು ಅಡಿ ಅಗೆಯುವಷ್ಟರಲ್ಲಿ ಗರಸು, ಕೆಲವು ಕಡೆ ಬಂಡೆಯೇ ಸಿಗುತ್ತದೆ. ಅಲ್ಲಿ ಗುಂಡಿ ಆಳಕ್ಕಿಂತ ಅಗಲ ಮಾಡಿ, ಹಾರೆಯಿಂದ ತಳ ಸಡಿಲಿಸಿ. ಕೋಟೆ ಸುತ್ತಿನ ಒಣ ಗುಡ್ಡಗಳಲ್ಲಿ ತಾನೇ ಬೆಳೆಯುವ ಬೇವು, ಹುಣಸೆ, ಬಿಲ್ವಪತ್ರೆ, ಕಕ್ಕೆಗಳನ್ನೇ ಆರಿಸಿ.

ಗುಂಡಿ ಎರಡು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳ. ತೋಡಿ ಒಂದು ವಾರ ಬಿಸಿಲಿಗೆ ಬಿಡಿ. ಸಸಿ ನಿಮ್ಮ ಎದೆ ಮಟ್ಟಕ್ಕಾದರೂ ಇರಲಿ, ಗೇಣುದ್ದದ ಸಸಿಯನ್ನು ಬೀದಿಯಲ್ಲಿ ಆಡು ಮೇಯದೆ ಬಿಡಲ್ಲ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಮುಂಗಾರಿನ ಹೊತ್ತಿಗೆ ಕಡಿಮೆ ದರದಲ್ಲಿ ಸಸಿ ಕೊಡುತ್ತಾರೆ, ಆದರೆ ಒಳ್ಳೆಯವು ಬೇಗ ಖಾಲಿ ಆಗುತ್ತವೆ, ಮೇ ತಿಂಗಳಲ್ಲೇ ವಿಚಾರಿಸಿ. ರೈತರು ಹೊಲದ ಬದುವಿಗೆ ಹಾಕುವುದಾದರೆ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಹೆಸರು ನೋಂದಾಯಿಸಿ, ಬದುಕಿ ಉಳಿದ ಸಸಿಗೆ ಮೂರು ವರ್ಷ ಪ್ರೋತ್ಸಾಹಧನ ಬರುತ್ತದೆ.

ನೆಡುವಾಗ ಪ್ಲಾಸ್ಟಿಕ್ ಚೀಲವನ್ನು ಬ್ಲೇಡಿನಿಂದ ಸೀಳಿ ಪೂರ್ತಿ ತೆಗೆಯಿರಿ. ವನಮಹೋತ್ಸವದ ಗಡಿಬಿಡಿಯಲ್ಲಿ ಚೀಲ ಸಮೇತ ಹೂತು ಫೋಟೋ ತೆಗೆಸಿಕೊಂಡು ಹೋಗುವವರಿದ್ದಾರೆ, ಆ ಸಸಿಯ ಬೇರು ಚೀಲದೊಳಗೇ ಸುತ್ತಿ ಸುತ್ತಿ ಸಾಯುತ್ತದೆ. ತಳದಲ್ಲಿ ಬೇರು ಸುತ್ತಿಕೊಂಡಿದ್ದರೆ ಕತ್ತರಿಸಿ ಬಿಡಿಸಿ. ಚೀಲದಲ್ಲಿ ಮಣ್ಣು ಎಲ್ಲಿಯವರೆಗಿತ್ತೋ ಅಷ್ಟೇ ಆಳಕ್ಕೆ ನೆಡಿ, ಕಾಂಡ ಹೂಳಬೇಡಿ. ಒಂದು ಹಿಡಿ ಬೇವಿನ ಹಿಂಡಿ ಬೆರೆಸಿದರೆ ಗೆದ್ದಲು ದೂರ. ಆಸರೆ ಕೋಲನ್ನು ಬೇರಿನ ಮುದ್ದೆಗೆ ಚುಚ್ಚದೆ ಪಕ್ಕದಲ್ಲಿ ಊರಿ, ಹಳೆ ಬಟ್ಟೆಯಿಂದ ಸಡಿಲವಾಗಿ ಕಟ್ಟಿ. ತಂತಿ ಬೇಡ, ವರ್ಷದಲ್ಲಿ ತೊಗಟೆಯೊಳಗೆ ಇಳಿಯುತ್ತದೆ.

ಜೂನ್, ಜುಲೈ ನೆಡುವ ಕಾಲ ಅಂತ ಎಲ್ಲರೂ ಹೇಳುತ್ತಾರೆ. ಚಿತ್ರದುರ್ಗದ ಕಡೆ ಮಳೆಯ ಜೋರು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜುಲೈನಲ್ಲಿ ಬರೀ ಗಾಳಿ, ಮೋಡ ಆಗಿದ್ದರೆ ಹಿಂಗಾರಿನವರೆಗೆ ಕಾಯುವುದೇ ವಾಸಿ. ಮಳೆ ನಿಂತ ಮೇಲೆ ವಾರಕ್ಕೆ ಎರಡು ಸಲ, ಒಂದೊಂದು ಬಿಂದಿಗೆ ನೀರು ನಿಧಾನಕ್ಕೆ ಇಂಗುವ ಹಾಗೆ ಹಾಕಿ. ದಿನಾ ಒಂದು ಚೆಂಬು ಸುರಿದರೆ ಬೇರು ಮೇಲೆ ಮೇಲೆಯೇ ಹರಡುತ್ತದೆ, ಮುಂದೆ ಗಾಳಿಗೆ ನಿಲ್ಲಲ್ಲ. ನೀರಿಗೆ ತೊಂದರೆ ಇದ್ದರೆ ಅಕ್ಕಿ, ತರಕಾರಿ ತೊಳೆದ ನೀರು ಸಾಕು, ಸೋಪಿನ ನೀರು ಬೇಡ. ಕಡಿದ ಮರದ ಎಲೆ ಎತ್ತಿಟ್ಟಿದ್ದೀರಲ್ಲ, ಅದನ್ನು ಕಾಂಡಕ್ಕೆ ತಾಗದ ಹಾಗೆ ಬುಡದ ಸುತ್ತ ಹರಡಿ.

ಇನ್ನೊಂದು ಮುಖ್ಯ ವಿಷಯ, ಕಾಂಕ್ರೀಟ್. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಮೊದಲ ಪಟ್ಟಿಯಲ್ಲೇ ದಾವಣಗೆರೆ ಹೆಸರು ಬಂತು, ರಸ್ತೆಗಳು ಚೆನ್ನಾದವು, ಫುಟ್‌ಪಾತ್‌ಗೆ ಟೈಲ್ಸ್ ಬಂತು, ಸಂತೋಷ. ಆದರೆ ಟೈಲ್ಸ್ ಕಾಂಡಕ್ಕೆ ಮುಟ್ಟಿದರೆ ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಯ ಮರಗಳ ವಿಷಯದಲ್ಲಿ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಬೇಕು ಅಂತ ಹೇಳಿತು. ನಿಮ್ಮ ಮನೆ ಮುಂದೆ ಕೆಲಸ ನಡೆಯುವಾಗ ಗುತ್ತಿಗೆದಾರರಿಗೆ ಇಷ್ಟಾದರೂ ಹೇಳಿ. ಸಿಮೆಂಟ್ ಹಸಿ ಇರುವಾಗ ಹೇಳಿದರೆ ಐದು ನಿಮಿಷದ ಕೆಲಸ.

ಸಸಿ ಸತ್ತರೆ ಅದೇ ಗುಂಡಿಗೆ ಮುಂದಿನ ಮಳೆಗೆ ಇನ್ನೊಂದು. ನೆಟ್ಟ ದಿನದ ಫೋಟೋ, ವರ್ಷ ತುಂಬಿದ ದಿನದ ಫೋಟೋ ತೆಗೆದು ಆದೇಶದ ಜೊತೆ ಇಟ್ಟುಕೊಳ್ಳಿ, ಕಚೇರಿಗೂ ಒಂದು ಪ್ರತಿ ಕೊಡಿ.

ಬೇರೆಯವರು ಕಡಿಯುತ್ತಿದ್ದರೆ

ಬೀದಿಯಲ್ಲಿ ಗರಗಸದ ಸದ್ದು ಕೇಳಿದರೆ ಹೊರಗೆ ಬಂದು ಅನುಮತಿ ಪತ್ರ ತೋರಿಸಿ ಅಂತ ಮರ್ಯಾದೆಯಿಂದ ಕೇಳಿ. ಇಲ್ಲ ಅಂದರೆ ಜಗಳಕ್ಕೆ ಇಳಿಯಬೇಡಿ. ಅರಣ್ಯ ಸಹಾಯವಾಣಿ 1926ಕ್ಕೆ, ಹೊಡೆದಾಟದ ಹಾಗಿದ್ದರೆ 112ಕ್ಕೆ ಕರೆ ಮಾಡಿ. ಫೋಟೋ, ವಿಡಿಯೋದಲ್ಲಿ ಗಾಡಿ ನಂಬರ್, ಜಾಗದ ಗುರುತು, ಹೊತ್ತು ಬರಲಿ. ಆಮೇಲೆ ಬರವಣಿಗೆಯಲ್ಲಿ ದೂರು ಕೊಡಿ, ಫೋನ್ ಕರೆಗೆ ದಾಖಲೆ ಉಳಿಯಲ್ಲ.

ರಸ್ತೆ ಅಗಲೀಕರಣದಂಥ ಕೆಲಸಕ್ಕೆ 50ಕ್ಕಿಂತ ಜಾಸ್ತಿ ಮರ ಹೋಗುವುದಾದರೆ ಮೊದಲು ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು. ಈ ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ, ಸಮಯವೂ ಕಡಿಮೆ. ಕಂಡ ಕೂಡಲೇ ನಾಲ್ಕು ಜನಕ್ಕೆ ಕಳಿಸಿ. ಆಕ್ಷೇಪಣೆಯಲ್ಲಿ ಮರ ಉಳಿಸಿ ಅಂತ ಒಂದೇ ಸಾಲು ಬರೆದರೆ ಪ್ರಯೋಜನ ಇಲ್ಲ. ಸ್ಥಳಕ್ಕೆ ಹೋಗಿ, ಮರಗಳಿಗೆ ಹಾಕಿದ ನಂಬರ್ ನೋಡಿ, "ಇಷ್ಟನೇ ನಂಬರಿನ ಹುಣಸೆ ರಸ್ತೆಯ ಅಂಚಿನಿಂದ ಆರು ಅಡಿ ಆಚೆ ಇದೆ, ಚರಂಡಿಯನ್ನು ಸ್ವಲ್ಪ ತಿರುಗಿಸಿದರೆ ಇದು ಉಳಿಯುತ್ತದೆ" ಅಂತ ಮರ ಮರಕ್ಕೂ ಬರೆಯಿರಿ. ಬದಲಿ ಸಸಿಗಳನ್ನು ಎಲ್ಲಿ ನೆಡುತ್ತಾರೆ, ಯಾವ ಜಾತಿ, ಎಷ್ಟು ವರ್ಷ ನಿರ್ವಹಣೆ ಅಂತಲೂ ಅದೇ ಪತ್ರದಲ್ಲಿ ಕೇಳಿ. ಉತ್ತರ ಬರದಿದ್ದರೆ ಇದೇ ಮೂರು ಪ್ರಶ್ನೆಗಳನ್ನು ಮಾಹಿತಿ ಹಕ್ಕು ಅರ್ಜಿಯಲ್ಲಿ ಹಾಕಿ, ಶುಲ್ಕ ಹತ್ತು ರೂಪಾಯಿ, 30 ದಿನದಲ್ಲಿ ಉತ್ತರ ಕೊಡಲೇಬೇಕು.